ಗ್ಯಾಸ್ಕೆಟ್ ಪರೀಕ್ಷೆ

“ಹಾಗಾದ್ರೆ ಒಂದು ಗ್ಯಾಸ್ಕೆಟ್ ತರಿಸಿ ನೋಡೋಣ,” ಎಂದರು ಪುಟ್ಟಲಕ್ಷ್ಮಿ, ಚೆಕ್ ಪುಸ್ತಕವನ್ನು ಬೀರುವಿನೊಳಗಿಟ್ಟು ಬೀಗ ತಿರುವುತ್ತಾ.

ಗೋಪೀನಾಥರಿಗೆ ಮೈ ಉರಿಯಿತು. ಬೆಳಗಿನ ಕಾಫಿಯಿಂದ ಹಿಡಿದು ಅವರು ಹೆಂಡತಿಗೆ ಶೃಂಖಲಾ ಸಿಸ್ಟಮ್ಸ್ ಎಂಬ ಕಂಪನಿಯ ಮಹಿಮೆ ಹೇಳುತ್ತಿದ್ದರು. ಯಾವ ಗೋಡೌನಿನಿಂದ ಯಾವ ಅಂಗಡಿಗೆ ಎಷ್ಟು ಮಾಲು ಹೋಗಬೇಕೆಂದು ಲೆಕ್ಕ ಹಾಕುವ ಸಾಫ್ಟ್‌ವೇರಿನಲ್ಲಿ ಅದನ್ನು ಮೀರಿಸುವವರಿಲ್ಲ. ಸೋಪಿನವರು, ಸಿಮೆಂಟಿನವರು, ಎಲ್ಲರೂ ಅದರ ಗಿರಾಕಿಗಳೇ. ಈಗ ಅದು ಇಂಟರ್ನೆಟ್ಟಿನಲ್ಲಿ ತಾನೇ ಮನೆಸಾಮಾನಿನ ಅಂಗಡಿ ತೆರೆದಿದೆ. ಎರಡು ಸಾವಿರದ ಇಸವಿಯಲ್ಲಿ ಇಂಥ ಶೇರು ಕೊಳ್ಳದವನು ಪೆದ್ದ ಎಂದು ವಿಜಯನಗರದ ಬ್ರೋಕರ್ ಆಫೀಸಿನಲ್ಲಿ ಹರಟುವವರೆಲ್ಲ ತೀರ್ಮಾನಿಸಿ ಆಗಿತ್ತು. ಕೊರತೆ ಇದ್ದದ್ದು ದುಡ್ಡಿಗೆ ಮಾತ್ರ. ಅದು, ಹೋದ ತಿಂಗಳು ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ಪುಟ್ಟಲಕ್ಷ್ಮಿಯವರ ಖಾತೆಯಲ್ಲಿತ್ತು. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಗಂಟಲು ಕೆಡಿಸಿಕೊಂಡು ಸಂಪಾದಿಸಿದ ದುಡ್ಡು ಅದು.

“ಇದಕ್ಕೆ ಸಪ್ಲೈ ಚೈನ್ ಅಂತಾರೆ ಕಣೇ.”

“ಚೈನಾ? ಸದ್ಯ, ಕತ್ತಲ್ಲೇ ಇದೆ,” ಎಂದು ಪುಟ್ಟಲಕ್ಷ್ಮಿ ತಮ್ಮ ಸರ ಮುಟ್ಟಿ ನೋಡಿಕೊಂಡರು. “ನೋಡ್ರೀ, ದೇಶಕ್ಕೆಲ್ಲಾ ಮಾಲು ಕಳಿಸೋ ಲೆಕ್ಕ ಗೊತ್ತು ಅಂತೀರಾ. ನಮ್ಮ ಬಸವೇಶ್ವರನಗರಕ್ಕೆ ಒಂದು ಕುಕ್ಕರ್ ಗ್ಯಾಸ್ಕೆಟ್ ತಲುಪಿಸ್ಲಿ, ಇರೋದು ಹೇಗೂ ಹರಿದಿದೆ. ಈ ಶುಕ್ರವಾರದ ಒಳಗೆ ಬಂದ್ರೆ ಚೆಕ್ ಬರೀತೀನಿ. ಬರದಿದ್ರೆ ದುಡ್ಡು ಪೋಸ್ಟಾಫೀಸಿಗೆ ಹೋಗುತ್ತೆ.”

ಗೋಪೀನಾಥರು ಅಂದೇ ಸೈಬರ್ ಕೆಫೆಗೆ ಓಡಿ ಆರ್ಡರ್ ಮಾಡಿ ಬಂದರು. ಆಮೇಲೆ ಶುರುವಾಯಿತು ಕಾಯುವ ಕೆಲಸ. ಬೀದಿಯಲ್ಲಿ ಯಾವ ಮೋಪೆಡ್ ನಿಂತರೂ ಗೇಟಿಗೆ ಹೋಗಿ ಇಣುಕುವರು. ಬುಧವಾರದ ಹೊತ್ತಿಗೆ ಅವರಿಗೆ ಊಟ ಸೇರುತ್ತಿರಲಿಲ್ಲ. ಗ್ಯಾಸ್ಕೆಟ್ ಇಲ್ಲದ ಮನೆಯಲ್ಲಿ ಬೇಳೆಯೂ ಸರಿಯಾಗಿ ಬೇಯುತ್ತಿರಲಿಲ್ಲವೆನ್ನಿ.

ಗುರುವಾರ ಅವರು ಕ್ಷೌರಕ್ಕೆಂದು ಹೇಳಿ ಹೊರಟವರು ನೇರವಾಗಿ ವಿಜಯನಗರದ ಪಾತ್ರೆ ಅಂಗಡಿಗೆ ಹೋದರು. ಒಂದು ಗ್ಯಾಸ್ಕೆಟ್ ಕೊಂಡು, ಡಬ್ಬಿಗೆ ಹಾಕಿ, ಸೈಬರ್ ಕೆಫೆಯಲ್ಲಿ ಕಂಪನಿಯ ಹೆಸರು ಅಚ್ಚು ಹಾಕಿಸಿ ಅಂಟಿಸಿ, ತಮ್ಮ ಮನೆಗೆ ತಾವೇ ಕೊರಿಯರ್ ಮಾಡಿದರು. ಅಷ್ಟು ದೊಡ್ಡ ಕಂಪನಿಗೆ ತಮ್ಮದೂ ಒಂದು ಅಳಿಲು ಸೇವೆ ಇರಲಿ ಎಂದುಕೊಂಡರೇ ಹೊರತು ಅದು ಮೋಸ ಎಂದು ಅವರಿಗೆ ಅನ್ನಿಸಲಿಲ್ಲ. ಕ್ಷೌರ ಮಾತ್ರ ಮರೆತೇ ಹೋಯಿತು.

ಶುಕ್ರವಾರ ಬೆಳಿಗ್ಗೆ ಕೊರಿಯರ್‌ನ ಅಮರೇಶ ಬಂದು ಡಬ್ಬಿ ಕೊಟ್ಟು ಹೋದ. ರಾಯಚೂರು ಕಡೆಯವನು, ಕೆಲಸಕ್ಕೆ ಹೊಸಬ. ಪುಟ್ಟಲಕ್ಷ್ಮಿ ಗ್ಯಾಸ್ಕೆಟ್ ಹಾಕಿ ಬೇಳೆ ಇಟ್ಟರು. ಕುಕ್ಕರ್ ಕೂಗಿತು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ಅವರು. ಬೀರು ತೆಗೆದು, ಚೆಕ್ ಬರೆದು, ಇನ್ನೇನು ಸಹಿ ಹಾಕಬೇಕು, ಮತ್ತೆ ಬೆಲ್ ಆಯಿತು. ಬಾಗಿಲಲ್ಲಿ ಅದೇ ಅಮರೇಶ.

“ಮೇಡಂ, ಪಾರ್ಸೆಲ್ ಐತ್ರಿ.”

“ಬೆಳಿಗ್ಗೆನೇ ಕೊಟ್ಯಲ್ಲಪ್ಪ?”

“ಅದು ನಿನ್ನೆ ಸಾಹೇಬ್ರು ನಮ್ಮ ಆಫೀಸಿಗೆ ಬಂದು ಕೊಟ್ಟು ಹೋಗಿದ್ದು ನೋಡ್ರಿ. ಇದು ಬ್ಯಾರೆ, ಮುಂಬೈದಿಂದ ಬಂದೈತಿ. ಇಲ್ಲೊಂದು ಸಹಿ ಮಾಡ್ರಿ.”

ಪುಟ್ಟಲಕ್ಷ್ಮಿ ಸಹಿ ಮಾಡಿ, ಪೊಟ್ಟಣ ಬಿಚ್ಚಿದರು. ಒಳಗೆ ಗ್ಯಾಸ್ಕೆಟ್, ಜೊತೆಗೆ ಶೃಂಖಲಾದ ಬಿಲ್ಲು. ಅದನ್ನು ಮೇಜಿನ ಮೇಲೆ, ಗಂಡನ ಮೂಗಿನ ಕೆಳಗೆ ಇಟ್ಟರು. ಗೋಪೀನಾಥರು ಬಿಲ್ಲನ್ನು ತಿರುಗಿಸಿ ತಾರೀಖು ನೋಡಿದರು. ಆಮೇಲೆ ಅವರಿಗೆ ಧೈರ್ಯ ಬಂತು.

“ನೋಡು, ಬಂದೇ ಬಿಡ್ತಲ್ಲ. ಶುಕ್ರವಾರ ಇನ್ನೂ ಮುಗಿದಿಲ್ಲ.”

“ಬರುತ್ತೆ ಅಂತ ನೀವೇ ನಂಬಿರ್ಲಿಲ್ಲ.”

“ಹೇಗೆ ನಂಬೋದು ಹೇಳು? ಗುರುವಾರ ಆದ್ರೂ ಸುದ್ದಿ ಇಲ್ಲ,” ಎಂದರು ಗೋಪೀನಾಥರು. ದುಡ್ಡು ಪೋಸ್ಟಾಫೀಸಿನ ಕಡೆ ಹೊರಟಿತೆಂದೇ ಅವರು ಲೆಕ್ಕ ಹಾಕಿಕೊಂಡರು.

ಪುಟ್ಟಲಕ್ಷ್ಮಿಗೆ ಸಿಟ್ಟು ಬಂತು. ಅದರ ಹಿಂದೆಯೇ ನಗುವೂ ಬಂತು. ಪೆನ್ನು ಎತ್ತಿಕೊಂಡು ಚೆಕ್ಕಿಗೆ ಸಹಿ ಹಾಕಿದರು.

“ತೇಗದ ಸಸಿ ಸ್ಕೀಮ್ ನಂಬಿದ್ರಿ, ಮುಳುಗ್ತು. ಹೆಚ್ಚು ಬಡ್ಡಿ ಕೊಡ್ತೀವಿ ಅಂದ ಬ್ಲೇಡ್ ಕಂಪನಿ ನಂಬಿದ್ರಿ, ಅದಕ್ಕೂ ಬೀಗ ಬಿತ್ತು. ನೀವು ನಂಬದೇ ಇದ್ದ ಕಂಪನಿ ಅಂದ್ರೆ ಇದೊಂದೇ ಕಣ್ರೀ. ಧೈರ್ಯವಾಗಿ ಹಾಕ್ಬಹುದು.”