ಗಂಡ ಕಂಡ ಸಮುದ್ರ

ಗಂಡನ ನಾಳೆಯ ಪ್ರವಾಸಕ್ಕೆ ನೀಲವ್ವ ಖಡಕ್ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಕರಾವಳಿ ರಸ್ತೆ ನೋಡಲು ಮನೆಗೊಬ್ಬರು ಹೋದರೆ ಸಾಕು. ಮರಳಿ ಬಂದವರ ನೆನಪನ್ನು ಉಳಿದವರು ಯಂತ್ರದ ಮೂಲಕ ತಮ್ಮ ತಲೆಗೆ ಹಾಕಿಸಿಕೊಳ್ಳುವುದು ಎಲ್ಲ ಮನೆಗಳ ರೂಢಿ.

“ನಾ ನೋಡಿದ್ರ ನೀನೂ ನೋಡಿದಂಗ ಅಲ್ಲೇನು?” ಎಂದ ಶಿವಲಿಂಗಪ್ಪ.

“ಹೋದ ಸಲ ಸಮುದ್ರ ಬಂದಾಗ ನೀವು ಗೊರಕಿ ಹೊಡ್ಯಾಕತ್ತಿದ್ರಿ.”

“ಎದ್ದ ಮ್ಯಾಲೆ ಚಾ ಕುಡದ್ನಲ್ಲ, ಅದು ಬರ್ಲಿಲ್ಲೇನು?”

“ಬಂತ್ರಿ. ಸಕ್ಕರಿ ಕಮ್ಮಿ ಇತ್ತು.”

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳ ಪಾಲಿಗೆ ಬಂದ ಸಮುದ್ರ ಒಂದು ಬೊಗಸೆಯಷ್ಟೂ ಇರಲಿಲ್ಲ.

ಗಂಟು ಬಿಗಿಯುವ ಮೊದಲು ಎರಡು ರೊಟ್ಟಿ ತೆಗೆದು ತನ್ನ ಚೀಲದಲ್ಲಿಟ್ಟಳು. ವಾರ ಕಳೆದರೂ ಅವು ಕೆಡುವುದಿಲ್ಲ. ಸೋಮವಾರ ತವರಿಗೆಂದು ಹೇಳಿ ಹೊರಡಬೇಕು, ಕರಾವಳಿಯ ಬಸ್ಸು ಹತ್ತಿ ಕಿಟಕಿ ಪಕ್ಕ ಕೂರಬೇಕು. ಆ ನೆನಪನ್ನು ಯಾರಿಗೂ ಕೊಡಬಾರದು.