ಅಪ್ಪನಿಗೆ ಬಂದ ನಾರ್ಮಲ್

"ಲ್ಯಾಬಿಂದ ನಾರ್ಮಲ್ ಅಂತ ಮೆಸೇಜ್ ಬಂತಲ್ಲಮ್ಮ, ಇನ್ಯಾಕೆ ತಲೆ ಕೆರ್ಕೊಳ್ತಾ ಕೂತಿದ್ದೀಯ?" ಆಸ್ಪತ್ರೆಗೆಂದು ಸಿದ್ಧ ಮಾಡಿಟ್ಟ ಚೀಲದಿಂದ ಅಂಗಿಗಳನ್ನು ತೆಗೆದು ಅಪ್ಪ ಬೀರುವಿಗೆ ತುಂಬುತ್ತಿದ್ದರು.

ಒಂದೇ ಒಕ್ಕಣೆಯೊಳಗೆ ಒಬ್ಬೊಬ್ಬ ರೋಗಿಯ ಹೆಸರು, ಫಲಿತಾಂಶ ಸರದಿಯಂತೆ ತುಂಬಿ ಲ್ಯಾಬಿನ ಮೆಸೇಜ್ ಕಳಿಸುವ ಪಿಎಚ್‌ಪಿ ಪ್ರೋಗ್ರಾಂ ಬರೆದವಳು ಮಗಳೇ. ಲ್ಯಾಪ್‌ಟಾಪಿನಲ್ಲಿ ಲ್ಯಾಬಿನ ದಾಖಲೆ ನೋಡಿದರೆ ಅಪ್ಪನ ಫಲಿತಾಂಶದ ಜಾಗ ಖಾಲಿ. ಪರೀಕ್ಷೆ ಇನ್ನೂ ಮುಗಿದೇ ಇಲ್ಲ. ಹಾಗಾದರೆ ಈ 'ನಾರ್ಮಲ್' ಎಲ್ಲಿಂದ ಬಂತು? ತಲೆಬುಡ ತಿಳಿಯದೆ ಕೋಡನ್ನು ಮತ್ತೆ ಮೇಲಿನಿಂದ ಓದಿದಳು. ಹೆಸರು ಪ್ರತಿ ಸಲವೂ ಸರಿಯಾಗಿ ಬದಲಾಗುತ್ತಿತ್ತು. ಫಲಿತಾಂಶವನ್ನು ತುಂಬಿಡುವ ವೇರಿಯಬಲ್ ಮಾತ್ರ, ಹೊಸದೇನೂ ಸಿಗದೆ, ಅಪ್ಪನಿಗಿಂತ ಮುಂಚಿನ ರೋಗಿಯದನ್ನೇ ಹಿಡಿದುಕೊಂಡು ಕೂತಿತ್ತು.

"ನೀನೇ ಬರೆದಿದ್ದಲ್ವಾ? ಕಣ್ಣು ಮುಚ್ಕೊಂಡು ನಂಬಬಹುದು ಬಿಡು," ಅಪ್ಪ ನಕ್ಕರು.

ಅವಳು ಎದ್ದು ಬೀರುವಿನಿಂದ ಒಂದು ಅಂಗಿ ತೆಗೆದು, ಮಡಿಸಿ, ಮತ್ತೆ ಚೀಲದೊಳಗೆ ಇಟ್ಟಳು.