ಪೂಜೆ ಹಾಲಿನ ಕ್ಯಾನು

ಬಡವನಹಳ್ಳಿ ಬಸ್ ನಿಲ್ದಾಣದ ಎದುರು ಹಾಕಿದ್ದ ವೇದಿಕೆಯ ಮೇಲೆ ನಂದೀಶ್ವರಯ್ಯನವರು ಹಸಿರು ಬಾವುಟ ಹಿಡಿದುಕೊಂಡೇ ಭಾಷಣ ಬಿಗಿಯುತ್ತಿದ್ದರು. ಊರಿನ ದೊಡ್ಡ ಕಿರಾಣಿ ಅಂಗಡಿ ಅವರದು, ಮೇಲೆ ಪಂಚಾಯಿತಿ ಸದಸ್ಯರು ಬೇರೆ. ಸರ್ಕಾರದ ಆರೋಗ್ಯ ನಡಿಗೆಗೆ ಚಾಲನೆ ಕೊಡಲು ಅವರಲ್ಲದೆ ಇನ್ಯಾರು? "ನಡಿಗೆಯೇ ಔಷಧ! ಅದರಲ್ಲೂ ನಮ್ಮ ಹೆಣ್ಣುಮಕ್ಕಳು ಸಂಕೋಚ ಬಿಟ್ಟು ರಸ್ತೆಗೆ ಬರಬೇಕು!" ಎಂದು ಮೈಕು ಕಿರ್ ಎನ್ನುವಷ್ಟು ಗಟ್ಟಿಯಾಗಿ ಹೇಳಿದರು. ಚಪ್ಪಾಳೆ ಬಿತ್ತು.

ಮುಂದಿನ ಸಾಲಿನಲ್ಲಿ ನಿಂತಿದ್ದ ಅವರ ಹೆಂಡತಿ ಸರ್ವಮಂಗಳಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕೈಯಲ್ಲಿ ಸ್ಟೀಲಿನ ಹಾಲಿನ ಕ್ಯಾನಿತ್ತು. ಸಕ್ಕರೆ ಕಾಯಿಲೆ ಬಂದಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದಾಗ ಇದೇ ಗಂಡ, "ಕೆಲ್ಸ ಇಲ್ದೆ ರಸ್ತೇಲಿ ತಿರುಗೋದು ನಮ್ಮನೆ ಹೆಂಗಸರಿಗೆ ಶೋಭೆನಾ? ಬೇಕಾದ್ರೆ ಹಿತ್ತಿಲಲ್ಲೇ ಸುತ್ತು" ಎಂದಿದ್ದರು. ಆ ಹಿತ್ತಿಲೋ, ತಿರುಗುವಷ್ಟರಲ್ಲಿ ಬಟ್ಟೆ ಒಗೆಯುವ ಕಲ್ಲು ಅಡ್ಡ. ಸರ್ವಮಂಗಳಾಗೆ ಭಯವಿತ್ತು. ಅವ್ವನ ಪಾದವನ್ನು ಇದೇ ಕಾಯಿಲೆ ತಿಂದದ್ದನ್ನು ಕಣ್ಣಾರೆ ಕಂಡವಳು. ಹಾಗಾಗಿ ತಾನೇ ಒಂದು ದಾರಿ ಹುಡುಕಿಕೊಂಡಳು. ಗಂಡ ದಿನವೂ ಶಿವಪೂಜೆ ಮಾಡುವವರು. ಅಭಿಷೇಕಕ್ಕೆ ಆಗತಾನೇ ಕರೆದ ಹಸುವಿನ ಹಾಲು ತರುತ್ತೇನೆ ಎಂದರೆ ಬೇಡ ಅಂದಾರೆಯೇ? ಹಸುವಿದ್ದದ್ದು ಊರಾಚೆ, ಸಣ್ಣರಂಗಯ್ಯನ ತೋಟದ ಮನೆಯಲ್ಲಿ. "ಎತ್ಲಾಗೆ ಅಮ್ಮೋರೆ?" ಎಂದು ದಾರಿಯಲ್ಲಿ ಕೇಳಿದವರಿಗೆ ಕ್ಯಾನು ತೋರಿಸಿ "ಪೂಜೆ ಹಾಲಿಗೆ" ಎಂದರಾಯಿತು, ಆಮೇಲೆ ಯಾರೂ ಕೆದಕುತ್ತಿರಲಿಲ್ಲ.

ಆರೋಗ್ಯ ಕೇಂದ್ರದ ನರ್ಸ್ ಭವ್ಯ ಇನ್ನೊಂದು ಮೈಕು ಹಿಡಿದಳು. "ನಮ್ಮೂರಲ್ಲಿ ಒಬ್ರು ವರ್ಷದಿಂದ ದಿನಾ ನಡೀತಿದಾರೆ. ಶುಗರ್ ಹತೋಟಿಗೆ ಬಂದಿದೆ. ನಡಿಗೆಯ ಮೊದಲನೇ ಟೋಪಿ ಅವ್ರಿಗೇ. ಸರ್ವಮಂಗಳಮ್ಮ, ಮೇಲ್ಬನ್ನಿ!"

ನಂದೀಶ್ವರಯ್ಯ ನಕ್ಕರು. "ಅಯ್ಯೋ, ನಮ್ಮನೆಯವ್ರು ನಡೆಯೋಕೆ ಹೋಗೋದಲ್ಲ ಕಣಮ್ಮ. ಸಣ್ಣರಂಗಯ್ಯನ ಮನೆಗೆ ಹಾಲಿಗೆ ಹೋಗ್ತಾರೆ."

ಸಣ್ಣರಂಗಯ್ಯ ಅಲ್ಲೇ ನಿಂತಿದ್ದ. ಬಾಯಿಗೆ ಬೀಗ ಹಾಕಿ ಅಭ್ಯಾಸವಿಲ್ಲದ ಪುಣ್ಯಾತ್ಮ. "ಹಾಲೆಲ್ಲೈತೆ ಅಯ್ಯನೋರೆ? ಹಸ ದೀಪಾವಳಿಗೇ ಮಾರ್ಬುಟ್ನಲ್ಲಾ! ಅಮ್ಮೋರು ನಮ್ಮ ಬೇಲಿತಂಕ ಬಂದು, ನೀರು ಕುಡ್ದು ಹೋಯ್ತಾರೆ ಅಷ್ಟೇಯ" ಎಂದುಬಿಟ್ಟ.

ಸರ್ವಮಂಗಳಾಳ ಗುಟ್ಟು ಊರೆದುರೇ ಬಯಲಾಯಿತು. ಮುಗಿಯಿತು, ನಾಳೆಯಿಂದ ಮತ್ತೆ ಅದೇ ಹಿತ್ತಿಲು, ಅದೇ ಕಲ್ಲು. ಆದರೆ ಮರುಕ್ಷಣ, ಇನ್ನು ಮುಚ್ಚಿಡುವುದಕ್ಕೆ ಏನುಳಿದಿದೆ ಅನ್ನಿಸಿ ಎದೆ ಹಗುರವಾಯಿತು. ಕ್ಯಾನು ಹಿಡಿದುಕೊಂಡೇ ವೇದಿಕೆ ಹತ್ತಿದಳು.

"ಹಂಗಾದ್ರೆ ನಾನು ಇಷ್ಟು ದಿನ ಶಿವನಿಗೆ ಹಾಕಿದ್ದು ಯಾವ ಹಾಲು?" ನಂದೀಶ್ವರಯ್ಯ ಹಲ್ಲು ಕಚ್ಚಿ ಪಿಸುಗುಟ್ಟಿದರು. ಮೈಕು ಆ ಪಿಸುಮಾತನ್ನೂ ಬಸ್ ನಿಲ್ದಾಣಕ್ಕೆಲ್ಲ ಹಂಚಿತು.

"ನಮ್ಮಂಗಡಿ ಪ್ಯಾಕೆಟ್ ಹಾಲು ಕಣ್ರೀ."

"ಪ್ಯಾಕೆಟ್ ಹಾಲಾ! ಪೂಜೆಗೆ!"

"ಯಾಕ್ರೀ? ಈಗಷ್ಟೇ ಕೆಚ್ಚಲಿಂದ ಕರ್ದಂಗೈತೆ ಅಂತ ದಿನಾ ಗಿರಾಕಿಗಳಿಗೆ ಹೇಳೋರು ನೀವೇ ಅಲ್ವಾ?"

ಎದುರಿಗೆ ನಿಂತವರಲ್ಲಿ ಅರ್ಧಕ್ಕರ್ಧ ಜನ ಅವರ ಗಿರಾಕಿಗಳೇ. ಅಲ್ಲ ಎಂದರೆ ನಾಳೆಯಿಂದ ಹಾಲು ಕೊಳ್ಳುವವರಿಲ್ಲ. ಹೆಂಗಸರ ಕಡೆಯಿಂದ ನಗು ಎದ್ದಿತು.

ಸರ್ವಮಂಗಳಾ ನಗಲಿಲ್ಲ. "ಪೂಜೆ ಹೆಸರಲ್ಲಿ ಸುಳ್ಳು ಹೇಳಿದ್ದು ತಪ್ಪೇ. ಅದನ್ನ ಶಿವನ ಮುಂದೆ ನಾನೇ ಒಪ್ಕೋತೀನಿ. ನಡೆದಿದ್ದು ಮಾತ್ರ ತಪ್ಪಲ್ಲ ಕಣ್ರೀ. ನಮ್ಮವ್ವನ ಕಾಲು ಹೋದಂಗೆ ನನ್ನ ಕಾಲು ಹೋಗೋದು ಬ್ಯಾಡ. ನಾಳೆಯಿಂದ ಬರಿಗೈಲೇ ಹೋಗ್ತೀನಿ, ಕೇಳಿದೋರಿಗೆ ನಡೆಯೋಕೆ ಅಂತ್ಲೇ ಹೇಳ್ತೀನಿ. ಈಗ ಬಾವುಟ ಬೀಸಿ, ಬಿಸ್ಲೇರ್ತೈತೆ."

ಹಾಗೆಂದವಳೇ ಕ್ಯಾನನ್ನು ಗಂಡನ ಎಡಗೈಗೆ ಸಿಕ್ಕಿಸಿ, ಭವ್ಯ ಕೊಟ್ಟ ಟೋಪಿಯನ್ನು ಸೆರಗಿನ ಮೇಲೇ ಹಾಕಿಕೊಂಡು ಇಳಿದು ಮುಂದೆ ನಿಂತಳು. ಸಂಕೋಚ ಬಿಟ್ಟು ರಸ್ತೆಗೆ ಬನ್ನಿ ಎಂದ ಮಾತು ಇನ್ನೂ ಎಲ್ಲರ ಕಿವಿಯಲ್ಲಿತ್ತು. ನಂದೀಶ್ವರಯ್ಯನವರಿಗೆ ಬಾವುಟ ಬೀಸದೆ ಗತ್ಯಂತರವಿರಲಿಲ್ಲ. ಬೀಸಿದರು. ಹೆಂಗಸರು ಹೋ ಎಂದು ಸರ್ವಮಂಗಳಾಳ ಹಿಂದೆ ಹೊರಟರು.

ಚಾಲನೆ ಕೊಟ್ಟ ದೊಡ್ಡ ಮನುಷ್ಯರು ಸ್ಕೂಟರ್ ಹತ್ತಿ ಮನೆಗೆ ಹೋಗುವುದು ವಾಡಿಕೆ. ನಂದೀಶ್ವರಯ್ಯ ಹೋಗಲಿಲ್ಲ. ಬಿ.ಪಿ. ಇದೆ, ನೀವೂ ನಡೆಯಿರಿ ಎಂದು ಭವ್ಯ ಅವರಿಗೂ ಹೇಳಿ ಹೇಳಿ ಸೋತಿದ್ದಳು. ಅಷ್ಟು ದೊಡ್ಡ ಅಂಗಡಿಯ ಯಜಮಾನ ಕೆಲಸವಿಲ್ಲದೆ ರಸ್ತೆ ಸುತ್ತಿದರೆ ಊರು ಏನಂದೀತು ಎಂಬ ಅಳುಕು ಅವರಿಗೂ ಇತ್ತು. ಹೆಂಡತಿಯ ಬಿಳಿ ಟೋಪಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತರು. ಆಮೇಲೆ ಬಾವುಟವನ್ನು ಕುರ್ಚಿಯ ಮೇಲಿಟ್ಟು, ಮೆಟ್ಟಿಲಿಳಿದು, ಸಾಲಿನ ಕೊನೆಗೆ ಸೇರಿಕೊಂಡರು.

"ಎತ್ಲಾಗೆ ಅಯ್ಯನೋರೆ?" ಪಕ್ಕದಿಂದ ಸಣ್ಣರಂಗಯ್ಯ ಕೇಳಿದ.

ನಂದೀಶ್ವರಯ್ಯ ಅತ್ತಿತ್ತ ನೋಡಿದರು. ಖಾಲಿ ಕ್ಯಾನನ್ನು ಸ್ವಲ್ಪ ಎತ್ತಿ ತೋರಿಸಿದರು.

"ಹಾಲಿಗೆ ಕಣಯ್ಯಾ."